ಗಡಿಕನ್ನಡದ ಪದಲೆಕ್ಕ: ಗ್ಯಾಮಾ ಫಂಕ್ಷನ್ನು ಮತ್ತು ಒಮ್ಮೆ ಓದಿ ಮುಗಿಯುವ ಇಟರೇಟರ್

ಕಾಸರಗೋಡಿನ ಕಾದಂಬರಿಯೊಂದರಲ್ಲಿ ಮಲಯಾಳದ ಪದಗಳು ಸಂಭಾಷಣೆಯಲ್ಲೇ ಹೆಚ್ಚು ಅಂತ ನಾವು ಸಲೀಸಾಗಿ ಬರೆದುಬಿಡುತ್ತೇವೆ. ಎಣಿಸಿ ಹೇಳಿದ್ದೋ, ಓದುವಾಗ ಹಾಗನಿಸಿದ್ದೋ? ಒಂದು ಕಲ್ಪಿತ ಲೆಕ್ಕ ತಗೊಳ್ಳೋಣ. ಕೃತಿಯಲ್ಲಿ 12,000 ಪದ, ಅದರಲ್ಲಿ ಸಂಭಾಷಣೆ 3,000. ಮಲಯಾಳದ ಪದಗಳು ಒಟ್ಟು 40 ಸಲ ಬಂದಿವೆ. (ಯಾವುದು ಮಲಯಾಳದ್ದು, ಯಾವುದು ಎರಡಕ್ಕೂ ಸೇರಿದ್ದು ಎಂಬ ತೀರ್ಮಾನ ನಮ್ಮದೇ, ಕೋಡ್ ಅದನ್ನು ಮಾಡಿಕೊಡುವುದಿಲ್ಲ.) ಸಮನಾಗಿ ಹರಡಿದ್ದರೆ ಸಂಭಾಷಣೆಯಲ್ಲಿ ಸುಮಾರು 10 ಇರಬೇಕು, ಇರುವುದು 30.

ಇದು ಆಕಸ್ಮಿಕವೇ ಅಂತ ನೋಡಲು 12,000 ಪದಗಳಲ್ಲಿ 3,000 ಆಯುವ ವಿಧಾನಗಳೆಷ್ಟು ಎಂದು ತಿಳಿಯಬೇಕು, ಅಂದರೆ ಫ್ಯಾಕ್ಟೋರಿಯಲ್ ಬೇಕು. ಆದರೆ 64 ಬಿಟ್‌ನ ದಶಾಂಶ ಸಂಖ್ಯೆಯಲ್ಲಿ 170ರ ಫ್ಯಾಕ್ಟೋರಿಯಲ್ ತನಕ ಮಾತ್ರ ಹಿಡಿಸುತ್ತದೆ. ಆದ್ದರಿಂದ ಗ್ಯಾಮಾ ಫಂಕ್ಷನ್ನಿನ ಲಾಗರಿದಮ್ ಬಳಸುತ್ತಾರೆ. ಪೈಥಾನ್‌ನಲ್ಲಿ ಅದರ ಹೆಸರು ಎಲ್‌ಗ್ಯಾಮಾ. 171ರ ಫ್ಯಾಕ್ಟೋರಿಯಲ್ ಬೇಕಿದ್ದರೆ ಅದಕ್ಕೆ 172 ಕೊಡಬೇಕು, ಸಿಗುವುದು ಬರೀ 711.71ರಷ್ಟು. ಗುಣಾಕಾರವೆಲ್ಲ ಕೂಡುವಿಕೆ ಆಗುತ್ತದೆ.

ಈಗ 30ರಿಂದ 40ರ ತನಕ ಒಂದೊಂದು ಎಣಿಕೆಗೂ ಸಂಭವನೀಯತೆಯ ಲಾಗರಿದಮ್ ಬೇಕು: ಒಟ್ಟು 11 ಬೆಲೆ. ಪೈಥಾನ್ 3ರಲ್ಲಿ ಮ್ಯಾಪ್ ಬಳಸಿದರೆ ಸಿಗುವುದು ಪಟ್ಟಿಯಲ್ಲ, ಇಟರೇಟರ್. ಕೇಳಿದಾಗ ಒಂದೊಂದೇ ಬೆಲೆ ಕೊಡುತ್ತದೆ, ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ. ಲಕ್ಷಗಟ್ಟಲೆ ಪದಗಳ ಕಡತ ಓದುವಾಗ ಇದು ಬಹಳ ಅನುಕೂಲ. ಇಲ್ಲಿ ಮಾತ್ರ ಅಪಾಯ. ಯಾಕಂದ್ರೆ ಲಾಗರಿದಮ್ಮುಗಳಿಂದ ಮೊತ್ತಕ್ಕೆ ಬರುವಾಗ ಎರಡು ಸಲ ಓದಬೇಕು. -746ರಂಥ ಬೆಲೆಯನ್ನು ನೇರವಾಗಿ ಘಾತಕ್ಕೆ ಏರಿಸಿದರೆ ಸೊನ್ನೆಯಾಗಿಬಿಡುತ್ತದೆ. ಅದಕ್ಕೇ ಮೊದಲು ದೊಡ್ಡ ಬೆಲೆ ಹುಡುಕಿ, ಪ್ರತಿಯೊಂದರಿಂದ ಅದನ್ನು ಕಳೆದು, ಘಾತಕ್ಕೇರಿಸಿ ಕೂಡುತ್ತಾರೆ. ಆ ದೊಡ್ಡ ಬೆಲೆಯನ್ನು ಕೊನೆಗೆ ವಾಪಸು ಸೇರಿಸುತ್ತಾರೆ. ದೊಡ್ಡದನ್ನು ಹುಡುಕುವಷ್ಟರಲ್ಲೇ ಇಟರೇಟರ್ ಖಾಲಿ. ಎರಡನೇ ಸಲದ ಮೊತ್ತ ಸೊನ್ನೆ, ದೋಷದ ಸೂಚನೆಯೂ ಬರುವುದಿಲ್ಲ.

ಆ ಸೊನ್ನೆಯನ್ನು ಓದುವ ರೀತಿ ನೋಡಿ: "ಆಕಸ್ಮಿಕವಾಗಿರುವ ಸಾಧ್ಯತೆಯೇ ಇಲ್ಲ." ನಮ್ಮ ವಾದಕ್ಕೆ ಇದಕ್ಕಿಂತ ಹಿತವಾದ ಉತ್ತರ ಬೇರೆ ಇಲ್ಲ, ಹಾಗಾಗಿ ಯಾರೂ ಅನುಮಾನಪಡುವುದಿಲ್ಲ. 30ರ ಬದಲು 11 ಇದ್ದಿದ್ದರೂ ಇದೇ ಸೊನ್ನೆ ಬರುತ್ತಿತ್ತು!

ಪರಿಹಾರ ಸಣ್ಣದು: 11 ಬೆಲೆಗಳನ್ನು ಮೊದಲೇ ಪಟ್ಟಿಗೆ ಹಾಕಿಕೊಳ್ಳುವುದು. ಇಟರೇಟರನ್ನು ಎರಡಾಗಿ ಕವಲೊಡೆಸುವ ಟೀ ಎಂಬ ಸಾಧನವೂ ಇದೆ. ಆದರೆ ಒಂದು ಕವಲನ್ನು ಪೂರ್ತಿ ಓದಿ ಮುಗಿಸುವಲ್ಲಿ ಅದೂ ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಪಟ್ಟಿಯೇ ವಾಸಿ. ಇನ್ನೊಂದು ಪರೀಕ್ಷೆ: 30ರಿಂದಲ್ಲ, 0ಯಿಂದ 40ರ ತನಕ ಎಲ್ಲ 41 ಸಂಭವನೀಯತೆಗಳನ್ನೂ ಕೂಡಿ ನೋಡಿ. ಮೊತ್ತ 1ಕ್ಕೆ ತೀರಾ ಹತ್ತಿರ ಬರಬೇಕು.