ಬೆಳ್ಳಿ ಸೋತಿತು, ಮಸಿ ಗೆದ್ದಿತು

1855ರಲ್ಲಿ ಬಾಂಬೆ ಫಿರಂಗಿಪಡೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್ ಕ್ಯಾಮೆರಾ ಹೊರಿಸಿಕೊಂಡು ವಿಜಯಪುರಕ್ಕೆ ಬಂದ. ಆ ಊರಿನ ಗುಮ್ಮಟಗಳನ್ನೂ ಬಾದಾಮಿ, ಐಹೊಳೆಯ ಗುಡಿಗಳನ್ನೂ ಚಿತ್ರಕ್ಕಿಳಿಸುವ ಕೆಲಸವನ್ನು ಕಂಪನಿ ಸರ್ಕಾರ ಅವನಿಗೆ ವಹಿಸಿತ್ತು. ಬೆಳ್ಳಿಯ ಲವಣ ಸವರಿದ ಕಾಗದವೇ ಅವನ ನೆಗೆಟಿವ್. ಆ ವಿಧಾನ ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್‌ನದು.

ಅದೇ ವರ್ಷ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿ ಒಂದು ಸಮಿತಿಯನ್ನು ಕೂರಿಸಿತು. ಫೋಟೊಗಳು ಕಣ್ಣೆದುರೇ ಹಳದಿಗಟ್ಟಿ ಮಾಸುತ್ತಿದ್ದವು. ತೊಳೆದರೂ ಕಾಗದದಲ್ಲಿ ಉಳಿದ, ಚಿತ್ರವನ್ನು ಸ್ಥಿರಗೊಳಿಸಲು ಬಳಸುವ ಹೈಪೊ ಲವಣ, ಗಾಳಿಯ ಗಂಧಕ, ತೇವ ಎಲ್ಲವೂ ಬೆಳ್ಳಿಯನ್ನು ತಿನ್ನುತ್ತಿದ್ದವು. 1844ರಿಂದ ಟಾಲ್ಬಟ್ ತನ್ನ ಚಿತ್ರಗಳನ್ನೇ ಅಂಟಿಸಿ ಹೊರತಂದಿದ್ದ ಪುಸ್ತಕಕ್ಕೂ ಅದೇ ಗತಿಯಾಗಿತ್ತು.

ಟಾಲ್ಬಟ್ ಆಗಲೇ ಬೆಳ್ಳಿಯ ಆಸೆ ಬಿಟ್ಟಿದ್ದ. ಪುಸ್ತಕದ ಅಕ್ಷರ ಶತಮಾನಗಟ್ಟಲೆ ಬಾಳುವುದಾದರೆ ಚಿತ್ರವನ್ನೂ ಅದೇ ಮಸಿಯಲ್ಲಿ ಏಕೆ ಅಚ್ಚು ಹಾಕಬಾರದು? ಬೈಕ್ರೋಮೇಟ್ ಬೆರೆಸಿದ ಜೆಲಟಿನ್ ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತಿತ್ತು. ಅದನ್ನು ಉಕ್ಕಿನ ಫಲಕಕ್ಕೆ ಸವರಿ, ಎಲೆಯನ್ನೋ ಲೇಸನ್ನೋ ಇಟ್ಟು ಬಿಸಿಲಿಗೊಡ್ಡಿದ. ಆಮೇಲೆ ರಾಸಾಯನಿಕದಿಂದ ಲೋಹವನ್ನು ಕೊರೆಸಿದ. ಗೆರೆಗಳು ಮೂಡಿದವು. ಆದರೆ ಅಗಲವಾದ ಕಪ್ಪು ಭಾಗಗಳಲ್ಲಿ ಮಸಿ ನಿಲ್ಲಲಿಲ್ಲ. ಒರೆಸಿದೊಡನೆ ಬಟ್ಟೆಗೇ ಬಂದುಬಿಟ್ಟಿತು.

ನಡುವೆ ಜಾಳು ಬಟ್ಟೆಯಿಟ್ಟು ನೋಡಿದ; ಕಪ್ಪು ಭಾಗ ಚಿಕ್ಕಚಿಕ್ಕ ಗುಳಿಗಳಾಗಿ ಒಡೆದು ಮಸಿ ಹಿಡಿಯಿತು. 1852ರಲ್ಲಿ ಪೇಟೆಂಟ್ ಪಡೆದ. 1858ರ ಹೊತ್ತಿಗೆ ಬಟ್ಟೆಯ ಬದಲು ರಾಳದ ಪುಡಿ ಉದುರಿಸಿ, ಕೊರೆಯಲು ಫೆರಿಕ್ ಕ್ಲೋರೈಡ್ ಹಿಡಿದ. ಆದರೂ ಕೊರೆತ ಕೈಗೆ ಸಿಗಲಿಲ್ಲ. ಒಂದು ಫಲಕ ಒಲಿದರೆ ಮುಂದಿನದು ಕೆಡುತ್ತಿತ್ತು.

ಇತ್ತ ಬಿಗ್ಸ್ ತೆಗೆದ ಚಿತ್ರಗಳು 1866ರಲ್ಲಿ ಪುಸ್ತಕವಾದವು. ಸುರಪುರದಲ್ಲಿ ಬಾಳಿದ್ದ ಮೆಡೋಸ್ ಟೇಲರ್ ಇತಿಹಾಸ ಬರೆದುಕೊಟ್ಟ. ಪುಟಗಳಿಗೆ ಅಂಟಿಸಿದ್ದು ಮಾತ್ರ ಅದೇ ಬೆಳ್ಳಿಯ ಪ್ರತಿಗಳನ್ನು. ಟಾಲ್ಬಟ್‌ನ ದಾರಿ ಇನ್ನೂ ಸಿದ್ಧವಾಗಿರಲಿಲ್ಲ. 1877ರಲ್ಲಿ ಟಾಲ್ಬಟ್ ತೀರಿಕೊಂಡ.

ಬಿಟ್ಟ ಎಳೆಯನ್ನು ಹಿಡಿದವನು ವಿಯೆನ್ನಾದಲ್ಲಿದ್ದ ವ್ಯಂಗ್ಯಚಿತ್ರಕಾರ ಕಾರೆಲ್ ಕ್ಲೀಚ್. ಜೋಸೆಫ್ ಸ್ವಾನ್ 1864ರಲ್ಲಿ ರೂಪಿಸಿದ್ದ ಜೆಲಟಿನ್ ಕಾಗದವನ್ನು ಬೆಳಕಿಗೊಡ್ಡಿ, ರಾಳ ಹತ್ತಿಸಿದ ತಾಮ್ರದ ಫಲಕಕ್ಕೆ ಅಂಟಿಸಿ, ಬಿಸಿನೀರಲ್ಲಿ ತೊಳೆದ. 1879ರಲ್ಲಿ ಅವನು ತೋರಿಸಿದ ಅಚ್ಚುಗಳಲ್ಲಿ ಮಖಮಲ್ಲಿನಂಥ ಕಪ್ಪಿತ್ತು, ತಿಳಿಬೂದಿಯ ಎಲ್ಲ ಛಾಯೆಗಳೂ ಇದ್ದವು. ವಿಧಾನವನ್ನು ಮಾತ್ರ ಗುಟ್ಟಾಗಿಟ್ಟ.

ಕೊರೆತ ನಿಂತದ್ದು ಫೆರಿಕ್ ಕ್ಲೋರೈಡಿನ ಹದದ ಮೇಲೆ. ದಟ್ಟ ದ್ರಾವಣ ಜೆಲಟಿನ್ನಿನ ತೆಳು ಪದರವನ್ನಷ್ಟೇ ತೂರುತ್ತದೆ. ನೀರು ಬೆರೆಸಿದಂತೆಲ್ಲ ದಪ್ಪ ಪದರವನ್ನೂ ದಾಟುತ್ತದೆ. ಹದ ಇಳಿಸುತ್ತ ಹೋದರೆ ತೆಳು ಪದರವಿರುವ ನೆರಳಿನ ಭಾಗ ಮೊದಲು ಕೊರೆದು ಆಳವಾಗುತ್ತದೆ, ದಪ್ಪ ಪದರವಿರುವ ಬೆಳಕಿನ ಭಾಗ ಕೊನೆಗೆ ಮೇಲುಮೇಲೆ ಕೊರೆಯುತ್ತದೆ. ಗುಳಿ ಆಳವಾದಷ್ಟೂ ಮಸಿ ಹೆಚ್ಚು. ಆ ಮಸಿಯ ಕಪ್ಪು ಇಂಗಾಲದ್ದು. ಬೆಳಕಾಗಲಿ ಗಂಧಕವಾಗಲಿ ಅದನ್ನು ಮಾಸಿಸಲಾರವು. ಕಾಗದ ಬಾಳುವಷ್ಟು ಕಾಲ ಫೋಟೊಗ್ರಾವ್ಯೂರ್ ಎಂಬ ಈ ಅಚ್ಚಿನ ಚಿತ್ರವೂ ಬಾಳುತ್ತದೆ.