ಮರದ ಒಡಲಿನ ಮೈನ್‌ಸ್ವೀಪರ್

ಮರದ ಒಡಲಿನ ಮೈನ್‌ಸ್ವೀಪರ್ ಎಂಬುದು ಸಮುದ್ರದಲ್ಲಿ ಇರಿಸಲಾದ ಸ್ಫೋಟಕ ಮೈನ್‌ಗಳನ್ನು ನಿವಾರಿಸಲು ಮರದಿಂದ ನಿರ್ಮಿಸಲಾಗುವ ನೌಕಾಪಡೆಯ ಹಡಗು. ಯುದ್ಧನೌಕೆಗಳಲ್ಲಿ ಉಕ್ಕಿನ ಬಳಕೆ ಸಾರ್ವತ್ರಿಕವಾಗಿ ದಶಕಗಳು ಕಳೆದ ಮೇಲೂ ಈ ಬಗೆಯ ಹಡಗುಗಳಿಗೆ ಮರವನ್ನೇ ಆರಿಸಿಕೊಳ್ಳಲಾಯಿತು. ಮರಕ್ಕೆ ಕಾಂತಗುಣವಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ಮೊದಲನೆಯ ಮಹಾಯುದ್ಧದ ಕಾಲದ ಬಹುಪಾಲು ಮೈನ್‌ಗಳು ಹಡಗು ತಗುಲಿದಾಗ ಮಾತ್ರ ಸಿಡಿಯುತ್ತಿದ್ದವು. ಅವುಗಳನ್ನು ಕಡಲ ತಳದಲ್ಲಿನ ಭಾರಕ್ಕೆ ತಂತಿಹಗ್ಗದಿಂದ ಕಟ್ಟಿರುತ್ತಿದ್ದರು. ಆ ಹಗ್ಗವನ್ನು ಕತ್ತರಿಸಿ, ಮೇಲೆ ತೇಲಿಬಂದ ಮೈನ್‌ಗೆ ಗುಂಡು ಹಾರಿಸಿ ನಾಶಪಡಿಸಲಾಗುತ್ತಿತ್ತು.

1939ರಲ್ಲಿ ಜರ್ಮನಿಯು ಬ್ರಿಟನ್ನಿನ ಕರಾವಳಿಯಲ್ಲಿ ಕಾಂತೀಯ ಮೈನ್‌ಗಳನ್ನು ಹಾಕತೊಡಗಿತು. ಉಕ್ಕಿನ ಹಡಗು ಭೂಮಿಯ ಕಾಂತಕ್ಷೇತ್ರದಲ್ಲಿ ತಾನೂ ಒಂದು ದುರ್ಬಲ ಅಯಸ್ಕಾಂತದಂತೆ ವರ್ತಿಸುತ್ತದೆ. ಅದು ಸಮೀಪಿಸಿದಾಗ ಕಾಂತಕ್ಷೇತ್ರದಲ್ಲಿ ಉಂಟಾಗುವ ಬದಲಾವಣೆಯನ್ನು ಗ್ರಹಿಸಿ, ತಳದಲ್ಲಿ ಮಲಗಿರುವ ಮೈನ್ ಸಿಡಿಯುತ್ತದೆ. 1939ರ ನವೆಂಬರ್ 23ರಂದು ಥೇಮ್ಸ್ ನದೀಮುಖದ ಷೂಬರಿನೆಸ್ ಬಳಿಯ ಕೆಸರಿನಲ್ಲಿ ದೊರೆತ ಇಂತಹ ಮೈನ್ ಒಂದನ್ನು ಬ್ರಿಟಿಷ್ ನೌಕಾಧಿಕಾರಿ ಜಾನ್ ಊವ್ರಿ ಬಿಚ್ಚಿ ನಿಷ್ಕ್ರಿಯಗೊಳಿಸಿದರು. ಇದರಿಂದ ಮೈನ್‌ನ ಕಾರ್ಯವಿಧಾನ ತಿಳಿದುಬಂದಿತು.

ತಂತಿಹಗ್ಗವಿಲ್ಲದ ಈ ಮೈನ್‌ಗಳನ್ನು ಕತ್ತರಿಸಿ ತೆಗೆಯುವಂತಿರಲಿಲ್ಲ. ಹಡಗಿನ ಹಿಂದೆ ಎಳೆಯುವ ತೇಲುವ ಕೇಬಲ್‌ಗಳಲ್ಲಿ ವಿದ್ಯುತ್ ಹರಿಸಿ, ಅದರಿಂದ ಹುಟ್ಟುವ ಕಾಂತಕ್ಷೇತ್ರದ ಮೂಲಕ ಮೈನ್‌ಗಳನ್ನು ದೂರದಲ್ಲಿಯೇ ಸಿಡಿಸುವ ಕ್ರಮ ಬಳಕೆಗೆ ಬಂದಿತು. ಆದರೆ ಕೇಬಲ್ ಎಳೆಯುವ ಹಡಗೇ ಮೊದಲು ಮೈನ್‌ನ ಮೇಲೆ ಹಾದುಹೋಗಬೇಕಾಗುತ್ತದೆ. ಆದ್ದರಿಂದ ಆ ಹಡಗಿನ ಕಾಂತತ್ವವು ಅತ್ಯಲ್ಪವಾಗಿರಬೇಕು. ಅಮೆರಿಕವು ಎರಡನೆಯ ಮಹಾಯುದ್ಧದಲ್ಲಿ 136 ಅಡಿ ಉದ್ದದ ಮರದ ಮೈನ್‌ಸ್ವೀಪರ್‌ಗಳನ್ನು ನೂರಾರು ಸಂಖ್ಯೆಯಲ್ಲಿ ನಿರ್ಮಿಸಿತು. ಸಮುದ್ರ ಸಂಶೋಧಕ ಜಾಕ್ ಕೂಸ್ತೊ ಅವರ ಪ್ರಸಿದ್ಧ ನೌಕೆ ‘ಕ್ಯಾಲಿಪ್ಸೊ’ ಮೂಲತಃ ಇದೇ ವರ್ಗಕ್ಕೆ ಸೇರಿದ್ದು.

1950ರ ಅಕ್ಟೋಬರ್‌ನಲ್ಲಿ ಕೊರಿಯಾದ ವೊನ್‌ಸಾನ್ ಬಂದರಿನ ಬಳಿ ಹಾಕಲಾಗಿದ್ದ ಮೈನ್‌ಗಳು ಅಮೆರಿಕದ ಸೇನೆಯ ಇಳಿಯುವಿಕೆಯನ್ನು ತಡೆದವು. ಅಕ್ಟೋಬರ್ 12ರಂದು ‘ಪೈರೇಟ್’ ಮತ್ತು ‘ಪ್ಲೆಡ್ಜ್’ ಎಂಬ ಉಕ್ಕಿನ ಮೈನ್‌ಸ್ವೀಪರ್‌ಗಳು ಮುಳುಗಿದವು. ಇದಾದ ನಂತರ ಮರದ ಮೈನ್‌ಸ್ವೀಪರ್‌ಗಳ ನಿರ್ಮಾಣಕ್ಕೆ ಹೊಸ ಚಾಲನೆ ದೊರೆಯಿತು.

ವಿನ್ಯಾಸ

ಮರದ ಒಡಲೊಂದೇ ಹಡಗಿಗೆ ರಕ್ಷಣೆ ನೀಡಲಾರದು. ಕಬ್ಬಿಣದ ಮೊಳೆಗಳ ಬದಲಿಗೆ ಕಂಚು ಮೊದಲಾದ ಕಾಂತರಹಿತ ಲೋಹಗಳ ಜೋಡಣೆಗಳನ್ನು ಬಳಸುತ್ತಾರೆ. ತೆಳುಹಲಗೆಗಳನ್ನು ಜಲನಿರೋಧಕ ಅಂಟಿನಿಂದ ಪದರಪದರವಾಗಿ ಕೂಡಿಸಿ ದೊಡ್ಡ ತೊಲೆಗಳನ್ನು ಸಿದ್ಧಪಡಿಸುವ ಪದ್ಧತಿಯೂ ಇದೆ. ಎಂಜಿನ್‌ಗಳಲ್ಲಿ ಸಾಧ್ಯವಾದಷ್ಟು ಅಲ್ಯೂಮಿನಿಯಂ ಮತ್ತು ಕಾಂತರಹಿತ ಉಕ್ಕನ್ನು ಉಪಯೋಗಿಸಲಾಗುತ್ತದೆ. ಆದರೂ ಉಳಿಯುವ ಕಾಂತತ್ವವನ್ನು, ಹಡಗಿನೊಳಗೆ ಅಳವಡಿಸಿದ ವಿದ್ಯುತ್ ಸುರುಳಿಗಳು ವಿರುದ್ಧ ಕ್ಷೇತ್ರವನ್ನು ಉಂಟುಮಾಡಿ ತಗ್ಗಿಸುತ್ತವೆ.

ಅಲ್ಯೂಮಿನಿಯಂ ಕಾಂತರಹಿತವಾದರೂ ವಿದ್ಯುದ್ವಾಹಕ. ಹಡಗು ಅಲೆಗಳಲ್ಲಿ ಹೊಯ್ದಾಡುವಾಗ ಭೂಮಿಯ ಕಾಂತಕ್ಷೇತ್ರದಿಂದ ಲೋಹದಲ್ಲಿ ಸುಳಿವಿದ್ಯುತ್ ಹುಟ್ಟಿ, ಅದು ಹೊಸದೊಂದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಮರದಲ್ಲಿ ಈ ತೊಡಕಿಲ್ಲ. ಶಬ್ದದಿಂದ ಸಿಡಿಯುವ ಮೈನ್‌ಗಳೂ ಇರುವುದರಿಂದ ಯಂತ್ರಗಳ ಸದ್ದು ಮತ್ತು ಕಂಪನವನ್ನೂ ತಗ್ಗಿಸಬೇಕಾಗುತ್ತದೆ.

ಬ್ರಿಟನ್ನಿನ ಟನ್ ವರ್ಗ

1950ರ ದಶಕದಲ್ಲಿ ಬ್ರಿಟನ್ ನೂರಕ್ಕೂ ಹೆಚ್ಚು ಟನ್ ವರ್ಗದ ಮೈನ್‌ಸ್ವೀಪರ್‌ಗಳನ್ನು ನಿರ್ಮಿಸಿತು. ಸುಮಾರು 46 ಮೀಟರ್ ಉದ್ದದ ಈ ಹಡಗುಗಳಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಮಹಾಗನಿ ಹಲಗೆಗಳ ಎರಡು ಪದರಗಳಿದ್ದವು. ಇವುಗಳ ಪೈಕಿ ‘ಬ್ರಾನಿಂಗ್ಟನ್’ ನೌಕೆಗೆ 1976ರಲ್ಲಿ ಆಗಿನ ಯುವರಾಜ ಚಾರ್ಲ್ಸ್ ಅಧಿಪತಿಯಾಗಿದ್ದರು.

ಭಾರತೀಯ ನೌಕಾಪಡೆಯಲ್ಲಿ

ಟನ್ ವರ್ಗದ ನಾಲ್ಕು ಹಡಗುಗಳು 1956ರಲ್ಲಿ ಭಾರತೀಯ ನೌಕಾಪಡೆಗೆ ಸೇರಿದವು. ಕರಾವಳಿ ಪಟ್ಟಣಗಳ ಹೆಸರುಗಳನ್ನೇ ಪಡೆದ ಅವು ಕಾರವಾರ, ಕಾಕಿನಾಡ, ಕಣ್ಣಾನೂರು ಮತ್ತು ಕಡಲೂರು. ಇವುಗಳಲ್ಲಿ ಮೊದಲನೆಯದಕ್ಕೆ ಉತ್ತರ ಕನ್ನಡ ಜಿಲ್ಲೆಯ ಕೇಂದ್ರಸ್ಥಳದ ಹೆಸರಿದೆ. 1986ರಲ್ಲಿ ಸೇರ್ಪಡೆಯಾಗಿ 2017ರಲ್ಲಿ ನಿವೃತ್ತಿ ಹೊಂದಿದ ಐಎನ್ಎಸ್ ಕಾರವಾರ ಬೇರೊಂದು ಹಡಗು. ಅದು ಸೋವಿಯತ್ ಒಕ್ಕೂಟದಲ್ಲಿ ನಿರ್ಮಿತವಾದದ್ದು, ಮರದ್ದಲ್ಲ.

ಮಿತಿಗಳು ಮತ್ತು ಬದಲಿ ವಸ್ತುಗಳು

ಮರದ ಒಡಲಿಗೆ ನಿರಂತರ ಆರೈಕೆ ಬೇಕು. ಕೊಳೆಯುವಿಕೆ, ಬೆಂಕಿ ಹಾಗೂ ಮರವನ್ನು ಕೊರೆಯುವ ಕಡಲ ಜೀವಿಗಳು ಅದಕ್ಕೆ ಅಪಾಯಕಾರಿ. ಸೇವೆಯಿಂದ ನಿವೃತ್ತಿಯಾಗಿದ್ದ ‘ಬ್ರಾನಿಂಗ್ಟನ್’ 2016ರಲ್ಲಿ ಬರ್ಕನ್‌ಹೆಡ್‌ನಲ್ಲಿ ಕಟ್ಟಿಹಾಕಿದ್ದ ಸ್ಥಳದಲ್ಲಿಯೇ ಮುಳುಗಿತು.

1973ರಲ್ಲಿ ಸೇವೆಗೆ ಬಂದ ಬ್ರಿಟನ್ನಿನ ‘ವಿಲ್ಟನ್’ ಗಾಜಿನ ನಾರು ಬೆರೆತ ಪ್ಲಾಸ್ಟಿಕ್ಕಿನ ಒಡಲನ್ನು ಹೊಂದಿತ್ತು. ಇದು ಟನ್ ವರ್ಗದ ವಿನ್ಯಾಸವನ್ನೇ ಆಧರಿಸಿತ್ತು. ಅಮೆರಿಕವು 1980ರ ದಶಕದಿಂದ ನಿರ್ಮಿಸಿದ ಅವೆಂಜರ್ ವರ್ಗದ 14 ಹಡಗುಗಳಲ್ಲಿ ಮರದ ಮೇಲೆ ಗಾಜಿನ ನಾರಿನ ಹೊದಿಕೆಯಿದೆ. ಮರದ ಒಡಲಿನ ಮೈನ್‌ಸ್ವೀಪರ್‌ಗಳನ್ನು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ನಿರ್ಮಿಸಿದ ಜಪಾನ್, 2012ರಲ್ಲಿ ಸೇವೆಗೆ ಬಂದ ಎನೊಶಿಮಾ ವರ್ಗದಿಂದ ನಾರುಬಲಿತ ಪ್ಲಾಸ್ಟಿಕ್ಕಿಗೆ ಬದಲಾಯಿತು. ಒಡಲಿನ ವಸ್ತು ಬದಲಾದರೂ, ಮೈನ್‌ಗೆ ತನ್ನ ಇರವನ್ನು ತಿಳಿಯಗೊಡದೆ ಹಡಗು ಅದರ ಸಮೀಪ ಕೆಲಸ ಮಾಡಬೇಕೆಂಬ ವಿನ್ಯಾಸದ ಮೂಲತತ್ವ ಹಾಗೆಯೇ ಉಳಿದಿದೆ.