ಕ್ರೈಸ್ತ ಧರ್ಮದ ವಿಷಯವಾಗಿ ನಮ್ಮನ್ನು ಕೇಳುವ ಕೆಲವು ಪ್ರಶ್ನೆಗಳು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ಊರುಗಳಿಂದ ನಮ್ಮ ಶಾಲೆಗೆ ಹೆಣ್ಣುಮಕ್ಕಳು ಬರುತ್ತಾರೆ. ಅವರಲ್ಲಿ ಬಹುಮಂದಿ ಕ್ರೈಸ್ತರಲ್ಲದ ಮನೆತನದವರು. ಮಗಳನ್ನು ಸೇರಿಸಲು ಬಂದ ತಂದೆತಾಯಿಗಳು ಫೀಯ ಮಾತೂ ಪುಸ್ತಕದ ಮಾತೂ ಮುಗಿದ ಮೇಲೆ ತುಸು ಹೊತ್ತು ಸುಮ್ಮನಿದ್ದು, ಬಳಿಕ ಮೆಲ್ಲನೆ ಧರ್ಮದ ವಿಷಯವಾಗಿ ಒಂದು ಪ್ರಶ್ನೆಯನ್ನು ಕೇಳುವದುಂಟು. ಹಾಗೆ ಕೇಳುವದನ್ನು ನಾನು ಎಂದಿಗೂ ಅಗೌರವವೆಂದು ಎಣಿಸಿಲ್ಲ. ಮಗಳನ್ನು ಒಪ್ಪಿಸುವವರಿಗೆ ಕೇಳುವ ಹಕ್ಕುಂಟು; ಒಪ್ಪಿಸಿಕೊಳ್ಳುವವರಿಗೆ ಉತ್ತರ ಹೇಳುವ ಋಣವುಂಟು. ಆದಕಾರಣ ಮೇಲಿಂದ ಮೇಲೆ ಕೇಳಿಬರುವ ಐದು ಪ್ರಶ್ನೆಗಳಿಗೆ ನನ್ನ ತಿಳಿವಳಿಕೆಯ ಮಟ್ಟಿಗೆ ಇಲ್ಲಿ ಉತ್ತರ ಬರೆದಿರುವೆನು.

1. ನಮ್ಮ ಮಕ್ಕಳನ್ನು ನಿಮ್ಮ ಮತಕ್ಕೆ ಸೇರಿಸಿಕೊಳ್ಳುವಿರೋ?

ಇಲ್ಲ. 1950ನೆಯ ಇಸವಿಯ ಜನವರಿ 26ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನದ 28ನೆಯ ವಿಧಿಯ ಪ್ರಕಾರ, ಸರಕಾರದ ಮನ್ನಣೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಸಮ್ಮತಿಯಿಲ್ಲದೆ ಧರ್ಮಬೋಧೆಗೆ ಕೂಡ್ರಿಸಕೂಡದು. ವಯಸ್ಸಿಗೆ ಬಾರದವರಾದರೆ ಪಾಲಕರ ಸಮ್ಮತಿ ಬೇಕು. ಕಾಯಿದೆ ಇರದಿದ್ದರೂ ನಮ್ಮ ಉತ್ತರವು ಇದೇ ಆಗಿರುತ್ತಿತ್ತು. ಆಸೆ ತೋರಿಸಿ ಅಥವಾ ಅಂಜಿಕೆ ಹುಟ್ಟಿಸಿ ಪಡೆದದ್ದು ವಿಶ್ವಾಸವೆನಿಸುವದಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಒಬ್ಬ ಐಶ್ವರ್ಯವಂತನು ಯೇಸುಸ್ವಾಮಿಯ ಮಾತನ್ನು ಕೇಳಿ ಒಪ್ಪಲಾರದೆ ವ್ಯಸನದಿಂದ ಹೊರಟುಹೋದನು. ಸ್ವಾಮಿಯು ಅವನನ್ನು ಪ್ರೀತಿಸಿದನೆಂದು ಅಲ್ಲಿ ಬರೆದಿದೆ. ಬೆನ್ನಟ್ಟಿ ಹಿಡಿದನೆಂದು ಬರೆದಿಲ್ಲ. ನಮ್ಮ ವಿಶ್ವಾಸವನ್ನು ನಾವು ಬಚ್ಚಿಡುವದಿಲ್ಲ. ಕೇಳಿದವರಿಗೆ ಹೇಳುತ್ತೇವೆ, ಯಾರ ಮೇಲೂ ಹೇರುವದಿಲ್ಲ.

2. ಇದು ಪರದೇಶದ ಮತವಲ್ಲವೇ?

ಕೊಪ್ಪಳದ ಗವಿಮಠದಲ್ಲಿಯೂ ಪಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುವದೆಂಬುದು ಅವುಗಳ ಸಾರ. ಅದನ್ನು ಕೊರೆಯಿಸಿದ ಅರಸನು ದೂರದ ಮಗಧದವನು. ಜೈನಧರ್ಮವೂ ಉತ್ತರದಿಂದಲೇ ಬಂದು ಇದೇ ಕೊಪಣವನ್ನು ಮಹಾತೀರ್ಥವನ್ನಾಗಿ ಮಾಡಿತು. ಈಗ ಅವುಗಳನ್ನು ಯಾರೂ ಪರಕೀಯವೆನ್ನುವದಿಲ್ಲ. ಸತ್ಯವು ಎಲ್ಲಿಂದ ಬಂತೆಂಬುದಕ್ಕಿಂತ ಅದು ಸತ್ಯವೋ ಅಲ್ಲವೋ ಎಂಬುದನ್ನೇ ವಿಚಾರಿಸಬೇಕು.

ಯೇಸುಸ್ವಾಮಿಯು ಹುಟ್ಟಿದ ಬೇತ್ಲೆಹೇಮು ಏಷ್ಯಾ ಖಂಡದಲ್ಲಿಯೇ ಇದೆ. ಉತ್ತರ ಯುರೋಪಿನ ಅನೇಕ ದೇಶಗಳು ಕ್ರೈಸ್ತವಾಗುವ ಮೊದಲೇ, ಆರನೆಯ ಶತಮಾನದಲ್ಲಿ, ಮಲಬಾರದಲ್ಲಿ ಕ್ರೈಸ್ತಸಭೆಯಿತ್ತು. ನಮ್ಮ ಸೀಮೆಗೆ ಸುವಾರ್ತೆಯನ್ನು ತಂದವರು ಬಹುಮಟ್ಟಿಗೆ ಯುರೋಪಿನವರೆಂಬುದು ನಿಜವೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಅವರ ಸಂಗಡ ಅವರ ದೇಶದ ಉಡಿಗೆತೊಡಿಗೆಗಳೂ ಬಂದವು. ಉಡಿಗೆಯನ್ನೇ ಧರ್ಮವೆಂದು ಭ್ರಮಿಸಿದ ತಪ್ಪು ನಮ್ಮವರಲ್ಲಿಯೂ ಉಂಟು. ಆದರೆ ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರಾಗಿದ್ದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಕ್ರೈಸ್ತರಾಗಿದ್ದರಿಂದ ಅವರ ಕನ್ನಡತನವೇನೂ ಕುಂದಲಿಲ್ಲ.

3. ನಿಮಗೆ ದೇವರು ಒಬ್ಬನೋ, ಮೂವರೋ?

ಒಬ್ಬನೇ. ತಂದೆ, ಮಗ, ಪವಿತ್ರಾತ್ಮ ಎಂಬವು ಮೂವರು ದೇವರುಗಳ ಹೆಸರಲ್ಲ. ಮಗನೆಂಬ ಮಾತಿಗೆ ಇಲ್ಲಿ ಶರೀರಸಂಬಂಧದ ಅರ್ಥವೂ ಇಲ್ಲ. 325ರಲ್ಲಿ ನಿಕೇಯದಲ್ಲಿ ಕೂಡಿದ ಮಹಾಸಭೆಯು ಮಗನು ತಂದೆಯೊಡನೆ ಒಂದೇ ತತ್ತ್ವವುಳ್ಳವನೆಂದು ನಿರ್ಣಯಿಸಿತು. ತರಗತಿಯಲ್ಲಿ ಒಬ್ಬ ಹುಡುಗಿಯು, "ಒಬ್ಬಳೇ ಹೆಂಗಸು ಮಗಳೂ ಹೆಂಡತಿಯೂ ತಾಯಿಯೂ ಆಗಿರುವ ಹಾಗೆಯೋ?" ಎಂದು ಕೇಳಿದಳು. ಹೋಲಿಕೆ ಜಾಣತನದ್ದು, ಆದರೆ ಸಾಲದು. ಆ ಹೆಂಗಸು ತನ್ನೊಡನೆ ತಾನೇ ಮಗಳಾಗಿಯೂ ತಾಯಿಯಾಗಿಯೂ ಮಾತಾಡಲಾರಳು; ಯೇಸುಸ್ವಾಮಿಯಾದರೋ ತಂದೆಗೆ ಪ್ರಾರ್ಥಿಸಿದನು, ತಂದೆಯು ಮಗನನ್ನು ಪ್ರೀತಿಸಿದನು. ದೇವರು ಪ್ರೀತಿಸ್ವರೂಪನಾದರೆ ಲೋಕವು ಹುಟ್ಟುವ ಮೊದಲೂ ಆ ಪ್ರೀತಿಯು ಇದ್ದಿರಬೇಕಷ್ಟೆ? ಪ್ರೀತಿಯು ಒಂಟಿತನದಲ್ಲಿ ಇರಲಾರದು. ಆ ಒಬ್ಬ ದೇವರಲ್ಲಿಯೇ ಅನಾದಿಯಾದ ಪ್ರೀತಿಯ ಅನ್ಯೋನ್ಯತೆಯುಂಟೆಂಬುದೇ ಈ ಉಪದೇಶದ ತಿರುಳು.

4. ಪಾಪವನ್ನೆಲ್ಲ ಕ್ಷಮಿಸಿಬಿಟ್ಟರೆ ನೀತಿಯು ಉಳಿಯುವದೇ?

ಈ ಪ್ರಶ್ನೆಯು ನ್ಯಾಯವಾದದ್ದು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಜಕ್ಕಾಯನೆಂಬ ಸುಂಕದ ಅಧಿಕಾರಿಯ ಕಥೆಯಿದೆ. ಯೇಸುಸ್ವಾಮಿಯು ಅವನನ್ನು ಬಯ್ಯಲಿಲ್ಲ; ಅವನ ಮನೆಗೆ ಅತಿಥಿಯಾಗಿ ಹೋದನು. ಆ ದಯೆಯನ್ನು ಕಂಡ ಜಕ್ಕಾಯನು ಎದ್ದು ನಿಂತು, ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವದಾಗಿಯೂ, ಯಾರಿಗಾದರೂ ಅನ್ಯಾಯ ಮಾಡಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುವದಾಗಿಯೂ ಹೇಳಿದನು. ಹೀಗಿರಲಾಗಿ ಕ್ಷಮೆಯು ಸಾಲವನ್ನು ಮುಳುಗಿಸಲು ಒಂದು ನೆಪವಲ್ಲ. ನೆರೆಯವಳ ಮೇಲೆ ಚಾಡಿ ಹೇಳಿದ ಹುಡುಗಿಯು ಪ್ರಾರ್ಥನೆ ಮಾಡಿ ಬಂದರೆ ನಾನು ಮೊದಲು ಕೇಳುವದು, "ಅವಳ ಹತ್ತಿರ ಹೋಗಿ ಬಂದೆಯಾ, ತಂಗೀ?" ಎಂದೇ.

5. ದೇವರು ದಯಾಳುವಾದರೆ ಇಷ್ಟು ಕಷ್ಟವೇಕೆ?

ಇದನ್ನು ಬೇಕೆಂದೇ ಕಡೆಗೆ ಇಟ್ಟಿರುವೆನು. 1876ರಿಂದ 1878ರ ವರೆಗಿನ ಮಹಾಬರದಲ್ಲಿ ದಖ್ಖಣದ ಲಕ್ಷಾಂತರ ಜನರು ಅನ್ನವಿಲ್ಲದೆ ಸತ್ತರು. ಇಂದಿಗೂ ಮಳೆ ಹೋದ ವರ್ಷ ನಮ್ಮ ಎರೆ, ಮಸಾರಿ ಹೊಲಗಳ ಒಕ್ಕಲುಗಳು ಮನೆಗೆ ಬೀಗ ಹಾಕಿ ಗುಳೆ ಹೋಗುವದನ್ನು ನೀವೆಲ್ಲ ಬಲ್ಲಿರಿ.

ನಾನು ಹೊಸದಾಗಿ ಶಿಕ್ಷಕಿಯಾಗಿದ್ದಾಗ ಕುಷ್ಟಗಿಯ ಕಡೆಯ ಒಬ್ಬ ತಾಯಿ ಬಂದಳು. ಗುಳೆ ಹೋದಲ್ಲಿ ಅವಳ ಚಿಕ್ಕ ಮಗನು ಜ್ವರದಿಂದ ತೀರಿಕೊಂಡಿದ್ದನು. "ಅಕ್ಕಾರ, ನಾ ಏನ್ ಪಾಪಾ ಮಾಡಿದ್ದೆರಿ?" ಎಂದು ಕೇಳಿದಳು. ನಾನು ಟ್ರೇನಿಂಗು ಮುಗಿಸಿದ ಹೊಸ ಹುಮ್ಮಸ್ಸಿನಲ್ಲಿ, "ಎಲ್ಲವೂ ದೇವರ ಚಿತ್ತ" ಎಂದು ಸಿದ್ಧವಾಗಿದ್ದ ಉತ್ತರವನ್ನು ಕೊಟ್ಟೆನು. ಆಕೆ ಮಾತಾಡದೆ ಸೆರಗನ್ನು ಸರಿಪಡಿಸಿಕೊಂಡು ಎದ್ದು ಹೋದಳು. ಮಗಳು ಮರಳಿ ಶಾಲೆಗೆ ಬರಲಿಲ್ಲ.

ಆ ಮೇಲೆ ನಾನು ಯೋಬನ ಗ್ರಂಥವನ್ನು ಮತ್ತೆ ಓದಿದೆನು. ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ಯೋಬನಿಗೆ ಅವನ ಸ್ನೇಹಿತರು, "ನಿನ್ನ ಪಾಪವೇ ಕಾರಣ" ಎಂದು ವಾದಿಸಿದರು. ಗ್ರಂಥದ ಕಡೆಯಲ್ಲಿ ದೇವರು ಸಿಟ್ಟಾದದ್ದು ಯೋಬನ ಪ್ರಶ್ನೆಗಳಿಗಲ್ಲ, ಆ ಸ್ನೇಹಿತರ ಉತ್ತರಗಳಿಗೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಯೇಸುಸ್ವಾಮಿಯು ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲ ಎಂದು ಹೇಳಿದನು. ಆದದರಿಂದ ಆ ತಾಯಿಗೆ ನಾನು ಹೇಳಬೇಕಾಗಿದ್ದ ಮಾತು ಒಂದೇ: "ಅವ್ವಾ, ನೀನು ಯಾವ ಪಾಪವನ್ನೂ ಮಾಡಿದ್ದಕ್ಕಲ್ಲ." ಕಷ್ಟವು ಯಾಕೆ ಬಂತೆಂಬುದಕ್ಕೆ ಇದು ಪೂರ್ಣ ಉತ್ತರವಲ್ಲ. ಆದರೆ ನಾವು ನಂಬುವ ದೇವರು ದೂರದಲ್ಲಿ ನಿಂತು ನೋಡಿದವನಲ್ಲ. ಶಿಲುಬೆಯ ಮೇಲೆ ತಾನೇ ನೋವನ್ನುಂಡವನು.

ಯೋಬನ ಸ್ನೇಹಿತರು ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದರು: ಮೊದಲ ಏಳು ದಿನ ಮಾತಿಲ್ಲದೆ ಅವನ ಸಂಗಡ ನೆಲದ ಮೇಲೆ ಕುಳಿತಿದ್ದರು. ಪಾಲಕರೇ, ನೀವು ಯಾವ ಪ್ರಶ್ನೆಯನ್ನಾದರೂ ಸಂಕೋಚವಿಲ್ಲದೆ ಕೇಳಿರಿ. ನಮ್ಮ ಮಕ್ಕಳೇ, ನಿಮ್ಮನ್ನು ಯಾರಾದರೂ ಕೇಳಿದರೆ ಉತ್ತರ ಹೇಳಿರಿ. ಆದರೆ ಕೇಳುವವರ ಕಣ್ಣಿನಲ್ಲಿ ನೀರಿದ್ದರೆ ಮೊದಲು ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ.